ತೇಲುವ ಮನೆಗಳು ಮತ್ತು ನೆರೆಯೊಂದಿಗಿನ ಬದುಕು : ಒಂದು ವಿಶ್ಲೇಷಣೆ

1. ಪೀಠಿಕೆ

ನೆರೆ ಬಂದಾಗ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸುವುದು, ನೆರೆ ಇಳಿದ ಮೇಲೆ ಹಾನಿಯ ಸಮೀಕ್ಷೆ ನಡೆಸಿ ಪರಿಹಾರ ವಿತರಿಸುವುದು, ಬಿದ್ದ ಮನೆಗಳನ್ನು ಅದೇ ಸ್ಥಳದಲ್ಲಾಗಲಿ ಎತ್ತರದ ಸ್ಥಳದಲ್ಲಾಗಲಿ ಪುನಃ ನಿರ್ಮಿಸುವುದು ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿರುವ ಕ್ರಮವಾಗಿದೆ. ಇದಕ್ಕೆ ಪರ್ಯಾಯವಾಗಿ, ನೀರಿನೊಂದಿಗೆ ಮೇಲೇರಿ ನೀರಿನೊಂದಿಗೇ ಕೆಳಗಿಳಿಯುವ ಮನೆಗಳ ಬಗ್ಗೆ ಪತ್ರಿಕೆಗಳಲ್ಲಿಯೂ ದೃಶ್ಯ ಮಾಧ್ಯಮಗಳಲ್ಲಿಯೂ ಆಗಾಗ್ಗೆ ವರದಿಗಳು ಪ್ರಕಟವಾಗುತ್ತಿವೆ. ನೆದರ್‌ಲ್ಯಾಂಡ್ಸ್ ದೇಶದಲ್ಲಿ ಸಾಧ್ಯವಾದುದು ಕೃಷ್ಣಾ, ಮಲಪ್ರಭಾ ತೀರದಲ್ಲಿ ಏಕೆ ಸಾಧ್ಯವಾಗಬಾರದು ಎಂಬ ಪ್ರಶ್ನೆ ಓದುಗರಲ್ಲಿ ಮೂಡುವುದು ಸಹಜ.

ಈ ಪ್ರಶ್ನೆಗೆ ಉತ್ತರವು ಎರಡು ಸಂಗತಿಗಳನ್ನು ಅವಲಂಬಿಸಿದೆ. ಮೊದಲನೆಯದು, ಆಯಾ ಪ್ರದೇಶದ ನೆರೆಯ ಸ್ವರೂಪ. ಎರಡನೆಯದು, ತೇಲುವ ಮನೆಗೆ ಕಾನೂನಿನಲ್ಲಿಯೂ ಲೆಕ್ಕಪತ್ರಗಳಲ್ಲಿಯೂ ದೊರೆಯುವ ಸ್ಥಾನ. ಮೊದಲನೆಯದರ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಎರಡನೆಯದರ ಬಗ್ಗೆ ನಡೆದಿರುವ ಚರ್ಚೆ ಕಡಿಮೆ. ಆದರೆ ಬಡ ಕುಟುಂಬವೊಂದರ ದೃಷ್ಟಿಯಿಂದ ಅದೇ ನಿರ್ಣಾಯಕವಾದುದು. ಈ ಎರಡೂ ಅಂಶಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ಪರಿಶೀಲಿಸಲಾಗಿದೆ. ಇದು ಯಾವುದೇ ಯೋಜನೆಯ ಘೋಷಣೆಯಲ್ಲವೆಂಬುದನ್ನು ಗಮನಿಸಲು ಕೋರಿದೆ.

2. ತೇಲುವ ಮನೆ ಎಂದರೇನು?

ನೀರಿನ ಮೇಲಿನ ಎಲ್ಲ ವಾಸಗಳನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲ ಉಂಟಾಗುತ್ತಿದೆ. ವಾಸ್ತವವಾಗಿ ಇವುಗಳಲ್ಲಿ ನಾಲ್ಕು ಬಗೆಗಳಿವೆ.

(ಅ) ಹೌಸ್‌ಬೋಟ್ : ಇದು ಮೂಲತಃ ದೋಣಿ. ಕೇರಳದ ಆಲಪ್ಪುಳದ ಹಿನ್ನೀರಿನಲ್ಲಿ ಪ್ರವಾಸಿಗರಿಗಾಗಿ ಸಂಚರಿಸುವಂತಹವು ಈ ಬಗೆಗೆ ಸೇರುತ್ತವೆ.

(ಆ) ಸದಾ ತೇಲುವ ಮನೆ : ಇದು ಎಂಜಿನ್ ಇಲ್ಲದೆ, ಒಂದೇ ಸ್ಥಳದಲ್ಲಿ ಕಟ್ಟಿಹಾಕಲ್ಪಟ್ಟು, ವರ್ಷವಿಡೀ ನೀರಿನ ಮೇಲಿರುತ್ತದೆ. ಕಾಂಬೋಡಿಯಾದ ಟೋನ್ಲೆ ಸಾಪ್ ಸರೋವರದ ಗ್ರಾಮಗಳು ಇದಕ್ಕೆ ಹಳೆಯ ಉದಾಹರಣೆ. ಆಮ್‌ಸ್ಟರ್‌ಡಾಮ್ ನಗರದ ಐಬುರ್ಗ್ ಬಡಾವಣೆಯ ಮನೆಗಳು ಹೊಸ ಉದಾಹರಣೆ.

(ಇ) ಉಭಯವಾಸಿ ಮನೆ : ಇದು ವರ್ಷದ ಬಹುಭಾಗ ನೆಲದ ಮೇಲೆಯೇ ಕುಳಿತಿದ್ದು, ನೆರೆ ಬಂದಾಗ ಮಾತ್ರ ತೇಲುತ್ತದೆ. ಮನೆಯ ಪಕ್ಕದಲ್ಲಿ ನೆಲಕ್ಕೆ ಊರಿದ ಗಟ್ಟಿ ಕಂಬಗಳಿರುತ್ತವೆ. ಕಂಬಗಳಿಗೆ ಬಳೆಗಳ ಮೂಲಕ ಜೋಡಿಸಲ್ಪಟ್ಟ ಮನೆಯು ಮೇಲೆ ಕೆಳಗೆ ಚಲಿಸಬಲ್ಲದು, ಅತ್ತಿತ್ತ ಕೊಚ್ಚಿಹೋಗಲಾರದು.

(ಈ) ಕಂಬದ ಮೇಲಿನ ಮನೆ : ಅಸ್ಸಾಂನ ಮಿಸಿಂಗ್ ಸಮುದಾಯದವರ ಚಾಂಗ್ ಘರ್ ಈ ಬಗೆಯದು. ಇದು ತೇಲುವುದಿಲ್ಲ; ನೆಲದಿಂದ ಎತ್ತರದಲ್ಲಿದ್ದು, ನೀರು ಅಡಿಯಿಂದ ಹಾದುಹೋಗಲು ಅವಕಾಶ ನೀಡುತ್ತದೆ.

ವರ್ಷದಲ್ಲಿ ಕೆಲವೇ ದಿನ ನೀರು ಬಂದು, ಉಳಿದ ಕಾಲ ನೆಲ ಒಣಗಿರುವ ನಮ್ಮ ಪ್ರದೇಶಗಳ ಸಂದರ್ಭದಲ್ಲಿ ಚರ್ಚೆಗೆ ಅರ್ಹವಾಗಿರುವುದು ಮುಖ್ಯವಾಗಿ ಮೂರನೆಯ ಬಗೆ.

3. ತೇಲುವಿಕೆಯ ಜಮಾ-ಖರ್ಚು

ಮನೆಯೊಂದು ತೇಲಬೇಕಾದರೆ ಅದರ ಒಟ್ಟು ತೂಕದಷ್ಟು ನೀರನ್ನು ಅದು ಸ್ಥಾನಪಲ್ಲಟಗೊಳಿಸಬೇಕು. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಆದುದರಿಂದ ತಳದ ವಿಸ್ತೀರ್ಣ 25 ಚದರ ಮೀಟರ್ ಇರುವ ಮನೆಯು ಪ್ರತಿ 25 ಟನ್ ತೂಕಕ್ಕೆ ಒಂದು ಮೀಟರ್‌ನಷ್ಟು ನೀರಿನಲ್ಲಿ ಇಳಿಯುತ್ತದೆ. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್ ಆಗಿರುವುದರಿಂದ ಇದೇ ಅಳತೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು.

5 ಮೀಟರ್ ಉದ್ದ, 5 ಮೀಟರ್ ಅಗಲದ ಮನೆಗೆ 9 ಅಂಗುಲದ ಇಟ್ಟಿಗೆ ಗೋಡೆ ಹಾಗೂ ಆರ್‌ಸಿಸಿ ಛಾವಣಿ ಹಾಕಿದಲ್ಲಿ ಅವುಗಳ ತೂಕವೇ ಸುಮಾರು 30 ಟನ್ ಆಗುತ್ತದೆ. ಅದರ ಅಡಿಯಲ್ಲಿ 20 ಸೆಂಟಿಮೀಟರ್ ದಪ್ಪದ, 2 ಮೀಟರ್ ಆಳದ ಟೊಳ್ಳು ಕಾಂಕ್ರೀಟ್ ತೊಟ್ಟಿ ನಿರ್ಮಿಸಿದರೆ ಅದು ಮತ್ತೆ ಸುಮಾರು 30 ಟನ್. ಒಟ್ಟು 60 ಟನ್ ತೂಕಕ್ಕೆ ಮನೆ 2.4 ಮೀಟರ್ ಇಳಿಯಬೇಕಾಗುತ್ತದೆ. ತೊಟ್ಟಿಯ ಆಳ ಮಾತ್ರ ಅಷ್ಟಿಲ್ಲ. ಅಂದರೆ ಮನೆ ಮುಳುಗುತ್ತದೆ. ತೊಟ್ಟಿಯನ್ನು ಆಳಗೊಳಿಸಿದರೆ ಅದರ ತೂಕವೂ ಹೆಚ್ಚುತ್ತದೆ. ಇದಕ್ಕೆ ಬದಲಾಗಿ ಗೋಡೆ ಮತ್ತು ಛಾವಣಿಗಳನ್ನು ಬಿದಿರು, ಹಲಗೆ, ತಗಡುಗಳಿಂದ 5 ಟನ್‌ಗೆ ಮಿತಿಗೊಳಿಸಿದಲ್ಲಿ ಒಟ್ಟು ತೂಕ 35 ಟನ್ ಆಗಿ, ಮನೆ 1.4 ಮೀಟರ್ ಮಾತ್ರ ಇಳಿದು ಸುಭದ್ರವಾಗಿ ತೇಲಬಲ್ಲದು.

ಹೀಗೆ, ತೇಲುವ ಮನೆಯಲ್ಲಿ ವಾಸಿಸುವವರು ಕಲ್ಲು, ಇಟ್ಟಿಗೆ, ಆರ್‌ಸಿಸಿಯ ಮನೆಯ ಆಸೆಯನ್ನು ಬಿಡಬೇಕಾಗುತ್ತದೆ. ನಮ್ಮ ಗ್ರಾಮಗಳಲ್ಲಿ ಪಕ್ಕಾ ಮನೆ ಎಂದರೆ ಭಾರವಾದ ಮನೆ ಎಂದೇ ಅರ್ಥ. ಹಗುರವಾದ ಮನೆ ಬಡತನದ ಗುರುತು ಎಂಬ ಭಾವನೆ ಇರುವಲ್ಲಿ ಇದು ಸಣ್ಣ ತ್ಯಾಗವಲ್ಲ. ಜೊತೆಗೆ ಮನೆಯೊಳಗಿನ ಸಾಮಗ್ರಿಗೂ ಲೆಕ್ಕವಿರಬೇಕು. 100 ಕಿಲೋ ತೂಕದ 10 ಚೀಲ ಜೋಳವನ್ನು ಒಳಗಿಟ್ಟರೆ ಈ ಮನೆ 4 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಅಷ್ಟೂ ಚೀಲಗಳನ್ನು ಒಂದೇ ಮೂಲೆಯಲ್ಲಿ ಒಟ್ಟಿದರೆ ಮನೆ ಆ ಬದಿಗೆ ವಾಲುತ್ತದೆ.

4. ನೆದರ್‌ಲ್ಯಾಂಡ್ಸ್‌ನ ಅನುಭವ

ತೇಲುವ ಮನೆಗಳ ಬಗೆಗಿನ ವರದಿಗಳಲ್ಲಿ ಹೆಚ್ಚಾಗಿ ಉಲ್ಲೇಖವಾಗುವ ಸ್ಥಳ ಮಾಸ್‌ಬೊಮ್ಮೆಲ್. ಮಾಸ್ ನದಿಯ ಒಡ್ಡಿನ ಹೊರಭಾಗದಲ್ಲಿ, ನದಿಗೆ ಹೊಂದಿಕೊಂಡ ಸರೋವರವೊಂದರ ದಡದಲ್ಲಿ, 2005ರ ವೇಳೆಗೆ 32 ಉಭಯವಾಸಿ ಮನೆಗಳನ್ನೂ 14 ಸದಾ ತೇಲುವ ಮನೆಗಳನ್ನೂ ಇಲ್ಲಿ ನಿರ್ಮಿಸಲಾಯಿತು. ಟೊಳ್ಳು ಕಾಂಕ್ರೀಟ್ ತಳ, ಅದರ ಮೇಲೆ ಮರದ ಹಗುರ ಮನೆ, ಎರಡೆರಡು ಮನೆಗಳಿಗೆ ಸೇರಿದಂತೆ ಉಕ್ಕಿನ ಕಂಬಗಳು, ನೀರು, ವಿದ್ಯುತ್ ಮತ್ತು ಒಳಚರಂಡಿಗೆ ಬಾಗುವ ಕೊಳವೆಗಳು - ಇದು ಅಲ್ಲಿನ ವ್ಯವಸ್ಥೆ. ಮನೆಗಳು ಸುಮಾರು 5.5 ಮೀಟರ್‌ವರೆಗೆ ಮೇಲೇರುವಂತೆ ವಿನ್ಯಾಸಗೊಂಡಿವೆ. 2011ರ ಜನವರಿಯಲ್ಲಿ ನದಿ ಉಕ್ಕಿದಾಗ ಮನೆಗಳು ನಿರೀಕ್ಷೆಯಂತೆ ಮೇಲೆದ್ದು, ನೀರಿಳಿದಾಗ ಸ್ವಸ್ಥಾನಕ್ಕೆ ಮರಳಿದವು. ತಾಂತ್ರಿಕವಾಗಿ ಈ ಪ್ರಯೋಗ ಯಶಸ್ವಿಯಾಗಿದೆ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಈ ಪ್ರಯೋಗದ ಹಿನ್ನೆಲೆಯನ್ನೂ ತಿಳಿಯಬೇಕಾಗುತ್ತದೆ. 1993 ಮತ್ತು 1995ರಲ್ಲಿ ಆ ದೇಶದ ನದಿಗಳು ಅಪಾಯದ ಮಟ್ಟ ತಲುಪಿದವು. 1995ರಲ್ಲಿ ಸುಮಾರು 2.5 ಲಕ್ಷ ಜನರನ್ನು ಸ್ಥಳಾಂತರಿಸಬೇಕಾಯಿತು. ಒಡ್ಡುಗಳನ್ನು ಇನ್ನಷ್ಟು ಎತ್ತರಿಸುತ್ತಾ ಹೋಗುವುದು ಸಾಧ್ಯವಿಲ್ಲವೆಂಬುದನ್ನು ಮನಗಂಡು, ನದಿಗೇ ಹೆಚ್ಚಿನ ಜಾಗ ಬಿಟ್ಟುಕೊಡುವ ನೀತಿಯನ್ನು ಅಲ್ಲಿನ ಸರ್ಕಾರ ಅನುಸರಿಸಿತು. ಒಡ್ಡುಗಳನ್ನು ಹಿಂದಕ್ಕೆ ಸರಿಸುವುದು, ನದಿಯ ಪಕ್ಕದ ಬಯಲನ್ನು ತಗ್ಗಿಸುವುದು, ಪಕ್ಕ ಕಾಲುವೆಗಳನ್ನು ತೋಡುವುದು ಮುಂತಾದ ಕಾಮಗಾರಿಗಳನ್ನು 30ಕ್ಕೂ ಅಧಿಕ ಸ್ಥಳಗಳಲ್ಲಿ ಕೈಗೊಳ್ಳಲಾಯಿತು. ನದಿಯ ಬಯಲಿನಲ್ಲಿ ಹೊಸ ಮನೆ ಕಟ್ಟುವುದಕ್ಕೆ ಸಾಮಾನ್ಯವಾಗಿ ನಿರ್ಬಂಧವಿದ್ದು, ತೇಲುವ ಮನೆಗಳಿಗೆ ಆಯ್ದ ಕೆಲವು ಸ್ಥಳಗಳಲ್ಲಿ ಮಾತ್ರ ಪ್ರಾಯೋಗಿಕವಾಗಿ ಅವಕಾಶ ನೀಡಲಾಯಿತು. ಅಂದರೆ, ಅಲ್ಲಿ ತೇಲುವ ಮನೆಯು ನೆರೆ ನಿರ್ವಹಣೆಯ ಮುಖ್ಯ ಸಾಧನವಲ್ಲ. ದೊಡ್ಡ ಕಾರ್ಯಕ್ರಮವೊಂದರ ಅಂಚಿನಲ್ಲಿರುವ ಸಣ್ಣ ಅಂಗ.

ಇದೇ ಕಾರ್ಯಕ್ರಮದ ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಹತ್ತಿರವಾದುದು. ಓವರ್‌ಡೀಪ್ಸೆ ಪೋಲ್ಡರ್ ಎಂಬಲ್ಲಿ ನೆರೆಯ ನೀರಿಗೆ ಜಮೀನಿನ ಮೇಲೆ ಹರಿಯಲು ಅವಕಾಶ ನೀಡಬೇಕಾಗಿ ಬಂದಾಗ, ಅಲ್ಲಿ ಉಳಿಯಲಿಚ್ಛಿಸಿದ 8 ಹೈನುಗಾರ ಕುಟುಂಬಗಳಿಗೆ ತೇಲುವ ಮನೆಗಳನ್ನು ನೀಡಲಿಲ್ಲ. ಒಡ್ಡಿನ ಪಕ್ಕದಲ್ಲಿ ಎತ್ತರದ ಮಣ್ಣಿನ ದಿಬ್ಬಗಳನ್ನು ನಿರ್ಮಿಸಿ, ಮನೆಗಳನ್ನೂ ಕೊಟ್ಟಿಗೆಗಳನ್ನೂ ಅವುಗಳ ಮೇಲೆ ಕಟ್ಟಲಾಯಿತು. ಮನೆಯನ್ನು ತೇಲಿಸಬಹುದು, ನೂರಾರು ಹಸುಗಳ ಕೊಟ್ಟಿಗೆಯನ್ನು ತೇಲಿಸುವುದು ಸುಲಭವಲ್ಲ. ಇಂಜಿನಿಯರಿಂಗ್‌ನಲ್ಲಿ ಮುಂದುವರಿದ ದೇಶವೇ ರೈತರಿಗಾಗಿ ಮಣ್ಣಿನ ದಿಬ್ಬವನ್ನು ಆರಿಸಿಕೊಂಡಿತೆಂಬುದು ಗಮನಾರ್ಹ.

ವೆಚ್ಚದ ವಿಷಯದಲ್ಲಿ ಹೇಳುವುದಾದರೆ, ಮಾಸ್‌ಬೊಮ್ಮೆಲ್‌ನ ಮನೆಗಳು ಆರಂಭದಲ್ಲಿ ತಲಾ ಎರಡೂವರೆ ಲಕ್ಷ ಯೂರೋಗೂ ಅಧಿಕ ಬೆಲೆಗೆ ಮಾರಾಟವಾದವು. ಅವು ವಿಹಾರ ತಾಣವೊಂದರಲ್ಲಿ ನದಿಯ ನೋಟವನ್ನು ಬಯಸಿ ಹಣ ತೆತ್ತು ಬಂದವರ ಮನೆಗಳು. ನೆರೆಯಲ್ಲಿ ಮನೆ ಕಳೆದುಕೊಂಡವರಿಗೆ ನೀಡಿದ ಮನೆಗಳಲ್ಲ.

5. ಮನೆಯೋ, ದೋಣಿಯೋ?

ತೇಲುವ ಮನೆಯ ಬಗ್ಗೆ ಉದ್ಭವಿಸುವ ಕಾನೂನಿನ ಪ್ರಶ್ನೆ ಕೇಳಲು ಸರಳವಾಗಿದ್ದರೂ ಪರಿಣಾಮದಲ್ಲಿ ಗಂಭೀರವಾದುದು. ಅದು ಮನೆಯೆಂದು ಪರಿಗಣಿಸಲ್ಪಟ್ಟರೆ ಒಂದು ಬಗೆಯ ಹಕ್ಕು. ದೋಣಿಯೆಂದು ಪರಿಗಣಿಸಲ್ಪಟ್ಟರೆ ಇನ್ನೊಂದು ಬಗೆಯ ಹಕ್ಕು.

ಅಮೆರಿಕದ ಫ್ಲಾರಿಡಾ ರಾಜ್ಯದ ರಿವಿಯೆರಾ ಬೀಚ್ ನಗರಾಡಳಿತವು ಫೇನ್ ಲೋಜ್‌ಮನ್ ಎಂಬುವರ ತೇಲುವ ಮನೆಯನ್ನು ನೌಕಾ ಕಾನೂನಿನಡಿ ವಶಪಡಿಸಿಕೊಂಡು, ಹರಾಜಿನಲ್ಲಿ ತಾನೇ ಖರೀದಿಸಿ ನಾಶಪಡಿಸಿತು. ಈ ಪ್ರಕರಣದಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು 2013ರ ಜನವರಿಯಲ್ಲಿ 7-2ರ ಬಹುಮತದಿಂದ ತೀರ್ಪು ನೀಡಿತು. ಚುಕ್ಕಾಣಿಯಾಗಲಿ ಸ್ವಯಂ ಚಲನೆಯ ಸಾಮರ್ಥ್ಯವಾಗಲಿ ಇಲ್ಲದ, ಜನರನ್ನು ಅಥವಾ ಸರಕನ್ನು ಸಾಗಿಸುವ ಉದ್ದೇಶದಿಂದ ರಚಿತವಾಗದ ಸದರಿ ಮನೆ ನೌಕೆಯಲ್ಲವೆಂದು ಘೋಷಿಸಿತು. ತೀರ್ಪು ಬರುವ ವೇಳೆಗೆ ಮನೆಯೇ ಉಳಿದಿರಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿಯೂ 2014ರ ನ್ಯಾಯಾಲಯದ ತೀರ್ಪೊಂದರ ನಂತರ ಈ ವಿಷಯ ಚರ್ಚೆಗೆ ಬಂದು, ತೇಲುವ ವಾಸಗಳನ್ನು ಕಟ್ಟಡಗಳೆಂದು ಪರಿಗಣಿಸುವ ಬಗ್ಗೆ ಸ್ಪಷ್ಟನೆ ನೀಡುವ ಕಾಯ್ದೆ 2018ರ ಜನವರಿ 1ರಿಂದ ಜಾರಿಗೆ ಬಂದಿತು.

ವಿಮೆಯ ವಿಷಯದಲ್ಲಿಯೂ ಇದೇ ಬಗೆಯ ಅಡಚಣೆ ಇದೆ. ಅಮೆರಿಕದ ಲೂಸಿಯಾನಾ ರಾಜ್ಯದ ಓಲ್ಡ್ ರಿವರ್ ಲ್ಯಾಂಡಿಂಗ್ ಎಂಬಲ್ಲಿ 1970ರ ದಶಕದಿಂದಲೇ ಜನರು ತಮ್ಮ ಮನೆಗಳ ಅಡಿಯಲ್ಲಿ ಥರ್ಮೋಕೋಲ್ ಮಾದರಿಯ ದಿಮ್ಮಿಗಳನ್ನು ಜೋಡಿಸಿ, ನೆರೆಯಲ್ಲಿ ತೇಲುವಂತೆ ಮಾಡಿಕೊಂಡಿದ್ದಾರೆ. ಆದರೆ ಅಲ್ಲಿನ ರಾಷ್ಟ್ರೀಯ ನೆರೆ ವಿಮಾ ಕಾರ್ಯಕ್ರಮವು ಮನೆ ಶಾಶ್ವತವಾಗಿ ಎತ್ತರದಲ್ಲಿರಬೇಕೆಂಬುದನ್ನು ಮಾನ್ಯ ಮಾಡುತ್ತದೆಯೇ ಹೊರತು, ಅಗತ್ಯ ಬಿದ್ದಾಗ ಮೇಲೇರುವುದನ್ನು ಮಾನ್ಯ ಮಾಡಿಲ್ಲ.

ನಮ್ಮ ದೇಶದ ಸ್ಥಿತಿಯನ್ನು ನೋಡುವುದಾದರೆ, 1897ರ ಸಾಮಾನ್ಯ ಖಂಡಗಳ ಅಧಿನಿಯಮದ ಪ್ರಕಾರ ಸ್ಥಿರಾಸ್ತಿಯೆಂದರೆ ಭೂಮಿ, ಭೂಮಿಯಿಂದ ದೊರೆಯುವ ಪ್ರಯೋಜನಗಳು, ಭೂಮಿಗೆ ಲಗತ್ತಾಗಿರುವ ವಸ್ತುಗಳು ಹಾಗೂ ಹಾಗೆ ಲಗತ್ತಾಗಿರುವುದಕ್ಕೆ ಶಾಶ್ವತವಾಗಿ ಬಿಗಿಯಲ್ಪಟ್ಟ ವಸ್ತುಗಳು. ಉಭಯವಾಸಿ ಮನೆಯ ಕಂಬಗಳು ಭೂಮಿಗೆ ಲಗತ್ತಾಗಿವೆ. ಮನೆ ಕಂಬಕ್ಕೆ ಬಿಗಿಯಲ್ಪಟ್ಟಿದೆ. ಆದರೆ ಚಲಿಸುವಂತೆ ಬಿಗಿಯಲ್ಪಟ್ಟಿದೆ. ಇದು ಶಾಶ್ವತ ಬಿಗಿತವೇ ಎಂಬುದಕ್ಕೆ ಎರಡೂ ಬಗೆಯ ವಾದಕ್ಕೆ ಅವಕಾಶವಿದೆ. ಬ್ಯಾಂಕಿನ ಗೃಹ ಸಾಲ, ಅಡಮಾನ, ನೋಂದಣಿ, ಖಾತೆ, ಕಂದಾಯ ಇವೆಲ್ಲವೂ ಆ ಒಂದು ಉತ್ತರವನ್ನು ಅವಲಂಬಿಸಿವೆ.

ಪರಿಹಾರದ ಮೊತ್ತದಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ರಾಜ್ಯ ವಿಪತ್ತು ಸ್ಪಂದನ ನಿಧಿಗೆ ಸಂಬಂಧಿಸಿದಂತೆ 2022-23ರಿಂದ 2025-26ರ ಅವಧಿಗೆ ಕೇಂದ್ರ ಸರ್ಕಾರವು ನಿಗದಿಪಡಿಸಿದ ಮಾನದಂಡಗಳಲ್ಲಿ, ಬಯಲು ಪ್ರದೇಶದಲ್ಲಿ ಪೂರ್ಣ ಹಾನಿಯಾದ ಮನೆಗೆ ರೂ. 1,20,000 ಹಾಗೂ ಮೀನುಗಾರರ ಪೂರ್ಣ ಹಾನಿಯಾದ ಸಾಂಪ್ರದಾಯಿಕ ದೋಣಿಗೆ ರೂ. 15,000 ಎಂದಿದೆ. ಈ ಮಾನದಂಡಗಳು ತೇಲುವ ಮನೆಯನ್ನು ಕಲ್ಪಿಸಿಕೊಂಡು ರಚಿತವಾದವುಗಳಲ್ಲ. ಆದರೂ, ಒಂದು ಕುಟುಂಬದ ಸರ್ವಸ್ವವಾದ ವಾಸವನ್ನು ಸಮೀಕ್ಷೆಯ ನಮೂನೆಯಲ್ಲಿ ಯಾವ ಕಲಂನಲ್ಲಿ ಬರೆಯಲಾಗುತ್ತದೆ ಎಂಬುದರ ಮೇಲೆ ಆ ಕುಟುಂಬದ ಮುಂದಿನ ಬದುಕು ನಿಂತಿರುತ್ತದೆ.

6. ದೇಶದೊಳಗಿನ ಎರಡು ನಿದರ್ಶನಗಳು

ಮಣಿಪುರದ ಲೋಕ್ತಾಕ್ ಸರೋವರದಲ್ಲಿ ಫುಮ್ಡಿಗಳೆಂಬ ತೇಲುವ ಸಸ್ಯರಾಶಿಗಳ ಮೇಲೆ ಮೀನುಗಾರರು ಗುಡಿಸಲು ಕಟ್ಟಿಕೊಂಡು ವಾಸಿಸುತ್ತಿದ್ದರು. 1983ರಲ್ಲಿ ಇಥಾಯಿ ಬ್ಯಾರೇಜ್ ಕಾರ್ಯಾರಂಭ ಮಾಡಿದ ನಂತರ ಸರೋವರದ ನೀರಿನ ಮಟ್ಟ ವರ್ಷವಿಡೀ ಎತ್ತರದಲ್ಲಿ ಉಳಿದು, ಅಂಚಿನ ಕೃಷಿಭೂಮಿ ಮುಳುಗಿತು. ಜಮೀನು ಕಳೆದುಕೊಂಡವರ ಪೈಕಿ ಅನೇಕರು ಮೀನುಗಾರಿಕೆಯನ್ನೇ ಅವಲಂಬಿಸಿದರು. ಸರೋವರದ ಸಂರಕ್ಷಣೆಗಾಗಿ 2006ರಲ್ಲಿ ಕಾಯ್ದೆ ರಚನೆಯಾಯಿತು. ಅದರಡಿ 2011ರ ನವೆಂಬರ್ ತಿಂಗಳಿನಲ್ಲಿ ನೂರಾರು ತೇಲುವ ಗುಡಿಸಲುಗಳನ್ನು ತೆರವುಗೊಳಿಸಿ ಸುಡಲಾಯಿತು. ಸರೋವರದ ಮಾಲಿನ್ಯ ಹಾಗೂ ಜಲಸಸ್ಯಗಳ ಹೆಚ್ಚಳದ ಬಗೆಗಿನ ಆತಂಕ ನಿರಾಧಾರವಾದುದೇನಲ್ಲ. ಆದರೆ ನೆಲದ ಹಕ್ಕಿಲ್ಲದ ವಾಸ ಎಷ್ಟು ದುರ್ಬಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಾಗಿಲ್ಲ. ಆ ಗುಡಿಸಲುಗಳನ್ನು ಮುಳುಗಿಸಿದ್ದು ನೀರಲ್ಲ. 2021ರಲ್ಲಿ ಕಾಂಬೋಡಿಯಾದ ನಾಮ್ ಪೆನ್ ನಗರದಲ್ಲಿಯೂ ನದಿಯ ಮೇಲಿನ ತೇಲುವ ಮನೆಗಳನ್ನು ತೆರವುಗೊಳಿಸಲು ಆಡಳಿತ ಆದೇಶಿಸಿತ್ತು.

ಎರಡನೆಯ ನಿದರ್ಶನ ಕೇರಳದ ಕುಟ್ಟನಾಡು. ಸಮುದ್ರ ಮಟ್ಟಕ್ಕಿಂತ ತಗ್ಗಿನಲ್ಲಿ ಭತ್ತ ಬೆಳೆಯುವ ಈ ಪ್ರದೇಶಕ್ಕೆ ಪಂಪಾ, ಅಚ್ಚನ್‌ಕೋವಿಲ್, ಮಣಿಮಲಾ, ಮೀನಚ್ಚಿಲ್ ನದಿಗಳು ಹರಿದು ಬರುತ್ತವೆ. 2018ರ ಆಗಸ್ಟ್‌ನ ಮಹಾಪೂರದಲ್ಲಿ ಇಲ್ಲಿಂದ ಜನರನ್ನು ದೊಡ್ಡ ಸಂಖ್ಯೆಯಲ್ಲಿ ಸ್ಥಳಾಂತರಿಸಬೇಕಾಯಿತು. ಇಲ್ಲಿನ ನೆರೆಯ ಸ್ವಭಾವವೆಂದರೆ ನೀರು ಬಯಲಿನಲ್ಲಿ ಹರಡಿ, ಮೆಲ್ಲಗೆ ಏರಿ, ಬಹುದಿನ ನಿಲ್ಲುವುದು. ಬಲವಾದ ಸೆಳೆತವಿಲ್ಲದ ಇಂತಹ ನಿಂತ ನೀರಿನಲ್ಲಿಯೇ ಉಭಯವಾಸಿ ಮನೆಗೆ ನಿಜವಾದ ಅವಕಾಶವಿದೆ. ದೇಶದಲ್ಲಿ ಈ ಬಗೆಯ ಪ್ರಯೋಗ ನಡೆಯುವುದಾದರೆ ಅದಕ್ಕೆ ಕುಟ್ಟನಾಡು ಸೂಕ್ತ ಸ್ಥಳವೆನ್ನಬಹುದು.

7. ಕೃಷ್ಣಾ ಕೊಳ್ಳಕ್ಕೆ ಅನ್ವಯ

ನಮ್ಮ ರಾಜ್ಯದಲ್ಲಿ 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಉಂಟಾದ ನೆರೆಯಲ್ಲಿ 200ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. 2019ರ ಆಗಸ್ಟ್‌ನಲ್ಲಿ 22 ಜಿಲ್ಲೆಗಳ 103 ತಾಲ್ಲೂಕುಗಳನ್ನು ನೆರೆಪೀಡಿತವೆಂದು ಘೋಷಿಸಲಾಯಿತು. ಆ ಸಂದರ್ಭದಲ್ಲಿ ಆಲಮಟ್ಟಿ ಜಲಾಶಯದಿಂದ 5 ಲಕ್ಷ ಕ್ಯೂಸೆಕ್‌ಗೂ ಅಧಿಕ ನೀರನ್ನು ನದಿಗೆ ಬಿಡಬೇಕಾಯಿತು. ಇಂತಹ ಹರಿವಿನ ಮಧ್ಯೆ ಮನೆಯೊಂದನ್ನು ಕಂಬಗಳ ಆಸರೆಯಲ್ಲಿ ನಿಲ್ಲಿಸುವುದು ಅಪಾಯಕರ. ನೀರಿನ ವೇಗ ಎರಡು ಪಟ್ಟಾದರೆ ಅದರ ನೂಕುವಿಕೆ ನಾಲ್ಕು ಪಟ್ಟಾಗುತ್ತದೆ. ಜೊತೆಗೆ ತೇಲಿಬರುವ ಮರದ ದಿಮ್ಮಿ, ಬೇಲಿ, ಕಸಕಡ್ಡಿಗಳು ಕಂಬಗಳಿಗೆ ಸಿಲುಕಿ ಭಾರವನ್ನು ಹೆಚ್ಚಿಸುತ್ತವೆ.

ಇತರೆ ಅಡಚಣೆಗಳು ಈ ಕೆಳಕಂಡಂತಿವೆ.

(ಅ) ನೆರೆಯ ನೀರು ಮೆಕ್ಕಲು ಮಣ್ಣನ್ನು ತರುತ್ತದೆ. ಮನೆ ತೇಲುತ್ತಿರುವಾಗ ಅದರ ಅಡಿಯಲ್ಲಿ ಹೂಳು ತುಂಬಿದರೆ, ನೀರಿಳಿದಾಗ ಮನೆ ಸಮನಾಗಿ ಕೂರಲಾರದು.

(ಆ) ಎರೆ ಭೂಮಿ ತೇವಕ್ಕೆ ಉಬ್ಬಿ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಇದರಿಂದ ಕಂಬಗಳು ವಾಲಿದಲ್ಲಿ ಬಳೆಗಳು ಕಚ್ಚಿಕೊಂಡು ಮನೆ ಮೇಲೇರದಿರುವ ಸಂಭವವಿದೆ. ಹತ್ತು ವರ್ಷ ಸುಮ್ಮನಿದ್ದು ಒಂದು ರಾತ್ರಿ ಕೆಲಸ ಮಾಡಬೇಕಾದ ವ್ಯವಸ್ಥೆಗೆ ಪ್ರತಿ ವರ್ಷ ನಿರ್ವಹಣೆ ಬೇಕು. ಅದರ ವೆಚ್ಚ ಯಾರದು ಎಂಬುದು ಮೊದಲೇ ತೀರ್ಮಾನವಾಗಬೇಕು.

(ಇ) ನದಿ ತೀರದ ಕುಟುಂಬದ ಆಸ್ತಿ ಮನೆಯಷ್ಟೇ ಅಲ್ಲ. ದನಕರುಗಳು, ಮೇವಿನ ಬಣವೆ, ಪಂಪ್‌ಸೆಟ್ ಇವೆಲ್ಲವೂ ಸೇರಿ ಬದುಕು. ಮನೆ ತೇಲಿ ಎತ್ತು ಮುಳುಗಿದರೆ ಆ ಕುಟುಂಬ ಉಳಿದಂತಾಗುವುದಿಲ್ಲ.

(ಈ) ಮನೆ ತೇಲಿದರೂ ರಸ್ತೆ, ಕುಡಿಯುವ ನೀರು, ವಿದ್ಯುತ್, ಆಸ್ಪತ್ರೆಗಳು ತೇಲುವುದಿಲ್ಲ. ಕೃಷ್ಣೆಯ ನಡುಗಡ್ಡೆ ಗ್ರಾಮಗಳ ಅನುಭವ ಇದನ್ನೇ ಹೇಳುತ್ತದೆ. ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯಿಂದ 2014ರಲ್ಲಿ ತುಂಬು ಗರ್ಭಿಣಿಯೊಬ್ಬರು ಸೋರೆಕಾಯಿಗಳನ್ನು ಕಟ್ಟಿಕೊಂಡು, ಉಕ್ಕುವ ನದಿಯನ್ನು ಈಜಿ ದಡ ಸೇರಿದರು. ಅಲ್ಲಿ ಮನೆಗಳಿಗೆ ಅಪಾಯವಿರಲಿಲ್ಲ, ದಾರಿ ಇರಲಿಲ್ಲ.

ಇನ್ನೊಂದೆಡೆ, ಸ್ಥಳಾಂತರವೇ ಸುಲಭದ ಉತ್ತರವೆಂದೂ ಹೇಳುವಂತಿಲ್ಲ. 2009ರ ನಂತರ 'ಆಸರೆ' ಯೋಜನೆಯಡಿ ದಾನಿಗಳ ನೆರವಿನಿಂದ ಎತ್ತರದ ಪ್ರದೇಶಗಳಲ್ಲಿ ಹೊಸ ಬಡಾವಣೆಗಳು ನಿರ್ಮಾಣವಾದವು. ಆದರೆ ಹೊಲ ದೂರವಾಯಿತು, ದನಗಳಿಗೆ ಜಾಗವಿಲ್ಲ ಎಂಬ ಕಾರಣಗಳಿಂದ ಹಳೆಯ ಊರಿನಲ್ಲಿಯೇ ಉಳಿದ ಕುಟುಂಬಗಳೂ ಇವೆ. ತೇಲುವ ಮನೆಯ ಕಲ್ಪನೆ ಜನರನ್ನು ಆಕರ್ಷಿಸುವುದು ಈ ಕಾರಣಕ್ಕಾಗಿಯೇ. ಅದು ಊರು ಬಿಡದೆ ಬದುಕುವ ಭರವಸೆ ನೀಡುತ್ತದೆ. ಈ ಬಯಕೆ ನ್ಯಾಯವಾದುದು. ಅದನ್ನು ಈಡೇರಿಸುವ ಸಾಧನ ತೇಲುವ ಮನೆಯೇ ಆಗಬೇಕೆಂದೇನಿಲ್ಲ. ಬಾಂಗ್ಲಾದೇಶದ ಜಮುನಾ ನದಿಯ ಚರ್ ಎಂಬ ನಡುಗಡ್ಡೆಗಳಲ್ಲಿ 2004ರಿಂದ 2016ರವರೆಗೆ ನಡೆದ ಕಾರ್ಯಕ್ರಮದಲ್ಲಿ ಬಡ ಕುಟುಂಬಗಳ ಮನೆಯಂಗಳವನ್ನೇ ಮಣ್ಣು ತುಂಬಿ ನೆರೆಯ ಮಟ್ಟಕ್ಕಿಂತ ಎತ್ತರಿಸಲಾಯಿತು. ಅಂಗಳ ಎತ್ತರವಾದಾಗ ಮನೆಯೊಂದಿಗೆ ದನ, ಕೋಳಿ, ಕಾಳಿನ ಕಣಜಗಳೂ ಎತ್ತರದಲ್ಲಿ ಉಳಿಯುತ್ತವೆ. ಹೂಳು ಕೂಡ ಅದಕ್ಕೆ ಶತ್ರುವಲ್ಲ.

8. ಉಪಸಂಹಾರ

ಮೇಲ್ಕಂಡ ವಿಶ್ಲೇಷಣೆಯಿಂದ ಹೊರಡುವ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಉಭಯವಾಸಿ ಮನೆಯು ಮೆಲ್ಲಗೆ ಏರಿ ನಿಲ್ಲುವ ನೀರಿಗೆ ತಕ್ಕ ಉಪಾಯ. ರಭಸವಾಗಿ ಹರಿಯುವ ನೀರಿಗೆ ತಕ್ಕುದಲ್ಲ. ನಮ್ಮಲ್ಲಿ ಜಲಾಶಯದ ಹಿನ್ನೀರಿನ ಅಂಚಿನ ಆಯ್ದ ತಗ್ಗು ಪ್ರದೇಶಗಳಲ್ಲಿ ಶಾಲೆ, ಪಡಿತರ ಮಳಿಗೆ ಅಥವಾ ಆರೋಗ್ಯ ಉಪಕೇಂದ್ರದಂತಹ ಒಂದೆರಡು ಸಣ್ಣ ಸಾರ್ವಜನಿಕ ಕಟ್ಟಡಗಳಿಗೆ ಅದನ್ನು ಪರೀಕ್ಷಿಸಿ ನೋಡಬಹುದು. ಬಾಂಗ್ಲಾದೇಶದಲ್ಲಿ 2002ರಿಂದ ನಡೆಯುತ್ತಿರುವ ದೋಣಿ ಶಾಲೆಗಳು ಸಾರ್ವಜನಿಕ ಸೇವೆಯೇ ನೀರಿನ ಮೇಲೆ ಹೋಗಬಹುದೆಂಬುದನ್ನು ತೋರಿಸಿಕೊಟ್ಟಿವೆ. ಮೊದಲ ಪರೀಕ್ಷೆಯ ನಷ್ಟವನ್ನು ಸಾರ್ವಜನಿಕ ಕಟ್ಟಡ ಹೊರಬಲ್ಲದು. ಕೂಲಿಯಿಂದ ಬದುಕುವ ಕುಟುಂಬ ಹೊರಲಾರದು.

ಖಾಸಗಿ ಮನೆಗಳ ವಿಷಯದಲ್ಲಿ, ಯಾರೇ ಇಂತಹ ಪ್ರಸ್ತಾವನೆಯನ್ನು ಮುಂದಿಟ್ಟರೂ ಸಾರ್ವಜನಿಕರು ಈ ಪ್ರಶ್ನೆಗಳನ್ನು ಕೇಳುವುದು ಸೂಕ್ತ: ಆ ಸ್ಥಳದಲ್ಲಿ ಹಿಂದಿನ ನೆರೆಗಳಲ್ಲಿ ನೀರಿನ ವೇಗ ಎಷ್ಟಿತ್ತು? ಮನೆ ನಿಲ್ಲುವ ನೆಲದ ಹಕ್ಕುಪತ್ರ ಯಾರ ಹೆಸರಿನಲ್ಲಿದೆ? ಅದಕ್ಕೆ ಸಾಲ ಮತ್ತು ವಿಮೆ ದೊರೆಯುತ್ತದೆಯೇ? ವಾರ್ಷಿಕ ನಿರ್ವಹಣೆ ಯಾರ ಹೊಣೆ? ಹಾನಿಯಾದಲ್ಲಿ ಅದನ್ನು ಮನೆಯೆಂದು ಬರೆಯಲಾಗುತ್ತದೆಯೇ? ಈ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆತ ನಂತರವೇ ಕಟ್ಟಡದ ನಕ್ಷೆಯನ್ನು ನೋಡುವುದು ಕ್ಷೇಮ.

ಮನೆಯನ್ನು ನೀರಿನ ಮೇಲೆ ತೇಲಿಸುವ ವಿದ್ಯೆ ಮನುಷ್ಯನಿಗೆ ಬಹುಕಾಲದಿಂದ ತಿಳಿದಿದೆ. ಹಾಗೆ ತೇಲುವ ಮನೆಯನ್ನು ಪಹಣಿ, ಖಾತೆ, ಸಾಲದ ಪತ್ರ ಹಾಗೂ ಪರಿಹಾರದ ಪಟ್ಟಿಗಳಲ್ಲಿಯೂ ಮನೆಯಾಗಿ ಉಳಿಸುವ ಕೆಲಸ ಇನ್ನೂ ಬಾಕಿ ಇದೆ. ಅಲ್ಲಿಯವರೆಗೆ, ನದಿ ತೀರದ ನಿವಾಸಿಗಳು ಜಲಾಶಯದಿಂದ ನೀರು ಬಿಡುವ ಬಗೆಗಿನ ಮುನ್ಸೂಚನೆಗಳನ್ನು ಗಮನಿಸಿ, ದನಕರುಗಳೊಂದಿಗೆ ಸಕಾಲದಲ್ಲಿ ಸುರಕ್ಷಿತ ಸ್ಥಳಕ್ಕೆ ತೆರಳುವಂತೆಯೂ, ಹಕ್ಕುಪತ್ರ ಮುಂತಾದ ದಾಖಲೆಗಳನ್ನು ನೀರು ತಾಗದಂತೆ ಕಾಪಾಡಿಕೊಳ್ಳುವಂತೆಯೂ, ತುರ್ತು ಸಂದರ್ಭದಲ್ಲಿ ಜಿಲ್ಲಾ ನಿಯಂತ್ರಣ ಕೊಠಡಿಯ 1077 ಸಂಖ್ಯೆಯನ್ನು ಸಂಪರ್ಕಿಸುವಂತೆಯೂ ಕೋರಿದೆ.